ಕನಕದಾಸರ ಬದುಕನ್ನು ಎಲ್ಲಿಂದ ಶುರು ಮಾಡಬೇಕು?

ಎರಡನೆಯ ಹಂತದ ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ತುಮಕೂರು ಕಡೆಯ ಒಂದು ಹಳ್ಳಿಯ ಪ್ರೌಢಶಾಲೆ. ಎಂಟನೆಯ ತರಗತಿ, ಕನ್ನಡ ವಿಷಯ, ತರಗತಿಯಲ್ಲಿ 38 ಮಕ್ಕಳು. ಕನಕ ಜಯಂತಿ ಹತ್ತಿರ ಬಂದಿತ್ತು. ಕನಕದಾಸರ ಜೀವನ ಮತ್ತು ಬೋಧನೆಯ ಬಗ್ಗೆ ಒಂದು ಪಾಠ ತೆಗೆದುಕೊಳ್ಳಿ ಎಂದು ಅಲ್ಲಿನ ಕನ್ನಡ ಮೇಡಂ ಹೇಳಿದರು. ನನಗೆ ಖುಷಿಯಾಯಿತು. ಗೊತ್ತಿರುವ ವಿಷಯ, ಮಕ್ಕಳಿಗೂ ಗೊತ್ತಿರುವ ಹೆಸರು. ರಾತ್ರಿ ಕುಳಿತು ಪಾಠ ಯೋಜನೆ ಬರೆದೆ. ಉಡುಪಿಯ ಕನಕನ ಕಿಂಡಿಯ ಚಿತ್ರವನ್ನು ದಪ್ಪ ಹಾಳೆಗೆ ಅಂಟಿಸಿ ಬೋಧನೋಪಕರಣ ಮಾಡಿಕೊಂಡೆ.

ಮರುದಿನ ಪೀಠಿಕೆಯಲ್ಲಿ ಚಿತ್ರ ತೋರಿಸಿ, ಕನಕದಾಸರು ದೇವರನ್ನು ಕಿಂಡಿಯಿಂದ ಏಕೆ ನೋಡಬೇಕಾಯಿತು ಎಂದು ಕೇಳಿದೆ. ಮುಂದಿನ ಬೆಂಚಿನ ಹುಡುಗ ಥಟ್ಟನೆ ಎದ್ದು, ಅವರದು ಕೀಳು ಜಾತಿ, ಅದಕ್ಕೆ ಒಳಗೆ ಬಿಡಲಿಲ್ಲ ಎಂದ. ಸೂಕ್ಷ್ಮ ಬೋಧನೆಯಲ್ಲಿ ಪುನರ್ಬಲನ ಕೌಶಲವನ್ನು ನಾವೆಲ್ಲ ಕಲಿತಿದ್ದೇವೆ. ಸರಿಯುತ್ತರ ಬಂದರೆ ಮೆಚ್ಚಬೇಕು, ಮತ್ತೊಮ್ಮೆ ಹೇಳಬೇಕು, ಕಪ್ಪುಹಲಗೆಯ ಮೇಲೆ ಬರೆಯಬೇಕು. ನಾನು ಮೂರನ್ನೂ ಮಾಡಿದೆ. ಶಹಬ್ಬಾಸ್ ಅಂದೆ, ಉತ್ತರವನ್ನು ಇಡೀ ತರಗತಿಗೆ ಕೇಳುವಂತೆ ಹೇಳಿದೆ, ಆ ಎರಡು ಪದಗಳನ್ನು ದುಂಡಗೆ ಬರೆದು ಕೆಳಗೆ ಗೆರೆ ಎಳೆದೆ. ಮಕ್ಕಳು ಬರೆದುಕೊಂಡರು. ಕಿಟಕಿಯ ಪಕ್ಕದ ಮೂರನೆಯ ಬೆಂಚಿನಲ್ಲಿ ಒಬ್ಬಳು ಮಾತ್ರ ನೋಟ್‌ಬುಕ್ ಮುಚ್ಚಿ ಅದರ ಮೇಲೆ ಪೆನ್ನು ಇಟ್ಟಳು. ಈ ಹುಡುಗಿಗೆ ಗಮನ ಕಡಿಮೆ ಅಂದುಕೊಂಡು ಮುಂದೆ ಹೋದೆ. ಪಾಠ ಸರಿಯಾಗಿ 40 ನಿಮಿಷಕ್ಕೆ ಮುಗಿಯಿತು. ವೀಕ್ಷಣಾ ಪುಸ್ತಕದಲ್ಲಿ ಸಹಪಾಠಿ ಧ್ವನಿ ಉತ್ತಮ, ಕಪ್ಪುಹಲಗೆ ಕೆಲಸ ಉತ್ತಮ, ಸಮಯ ಪಾಲನೆ ಉತ್ತಮ ಎಂದು ಬರೆದಳು.

ಮಧ್ಯಾಹ್ನದ ಊಟದ ಹೊತ್ತಿಗೆ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಕನಕದಾಸರು ನಮ್ಮೋರು ಅಂತ ಅವಳ ತಾತ ಹೇಳುತ್ತಾರಂತೆ. ಮನೆಯಲ್ಲಿ ಬೀರಪ್ಪ ದೇವರ ಪಟದ ಪಕ್ಕದಲ್ಲೇ ಅವರ ಪಟವೂ ಇದೆಯಂತೆ. ಬೆಳಿಗ್ಗೆ ಬೋರ್ಡಿನ ಮೇಲೆ ಬರೆದದ್ದು ನಮಗೂ ಸೇರುತ್ತದಾ ಮಿಸ್ ಎಂದು ಕೇಳಿದಳು. ಹಾಗಲ್ಲಮ್ಮ, ಅದೆಲ್ಲ ಹಿಂದಿನ ಕಾಲದಲ್ಲಿ ಅಂದೆ. ಸರಿ ಮಿಸ್ ಎಂದು ಹೋದಳು. ಅವಳಿಗೆ ಉತ್ತರ ಸಿಕ್ಕಿರಲಿಲ್ಲ ಎಂಬುದು ಅವಳ ನಡಿಗೆಯಲ್ಲೇ ತಿಳಿಯುತ್ತಿತ್ತು. ಬೋರ್ಡನ್ನು ಮುಂದಿನ ಪಿರಿಯಡ್‌ನವರು ಒರೆಸಿಬಿಟ್ಟಿದ್ದರು. ಆದರೆ 37 ನೋಟ್‌ಬುಕ್‌ಗಳಲ್ಲಿ ನಾನು ಬರೆಸಿದ್ದು ಹಾಗೆಯೇ ಉಳಿದಿತ್ತು.

ಮಾರ್ಗದರ್ಶಕ ಮೇಡಂ ಬಂದಾಗ ಇದನ್ನು ಹೇಳಿಕೊಂಡೆ. ಅವರು ಬೈಯಲಿಲ್ಲ. ಕಿಂಡಿಯ ವಿಷಯ ತೆಗೆಯದೆ, ಆ ಪದವನ್ನೂ ಬಳಸದೆ, ಕನಕದಾಸರ ಬದುಕನ್ನು ಹತ್ತು ನಿಮಿಷ ಹೇಳು ನೋಡೋಣ ಎಂದರು. ಎರಡು ನಿಮಿಷಕ್ಕೆ ನನ್ನ ಸರಕು ಮುಗಿಯಿತು. ಐದು ಶತಮಾನಗಳಿಂದ ಕನ್ನಡಿಗರ ಬಾಯಲ್ಲಿ ನಿಂತಿರುವ ಕವಿಯ ಬಗ್ಗೆ ನನಗೆ ಗೊತ್ತಿದ್ದದ್ದು, ಬೇರೆಯವರು ಅವರಿಗೆ ಏನು ಮಾಡಿದರು ಎಂಬುದಷ್ಟೆ. ಅವರು ಏನು ಮಾಡಿದರು ಎಂಬುದು ನನಗೆ ಗೊತ್ತಿರಲಿಲ್ಲ. ಒಂದು ವಾರ ಗ್ರಂಥಾಲಯದಲ್ಲಿ ಕುಳಿತು ಓದಿದೆ. ಎರಡನೆಯ ಸಲ ಅದೇ ತರಗತಿಗೆ ಹೋಗುವ ಮುನ್ನ ನಾನು ಜೋಡಿಸಿಕೊಂಡ ಬದುಕಿನ ಕಥೆ ಇದು.

ಬಾಡದ ತಿಮ್ಮಪ್ಪ

ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿ ಬಾಡ ಎಂಬ ಊರಿದೆ. ಕನಕದಾಸರು ಹುಟ್ಟಿದ್ದು ಅಲ್ಲಿ. ತಂದೆ ಬೀರಪ್ಪ, ತಾಯಿ ಬಚ್ಚಮ್ಮ, ಕುರುಬ ಮನೆತನ. ತಿರುಪತಿಯ ತಿಮ್ಮಪ್ಪನಿಗೆ ಹರಕೆ ಹೊತ್ತು ಪಡೆದ ಮಗನೆಂದು ಮಗುವಿಗೆ ತಿಮ್ಮಪ್ಪನೆಂದೇ ಹೆಸರಿಟ್ಟರು. ಹುಟ್ಟಿದ ವರ್ಷ 1509 ಎಂದು ರೂಢಿಯಲ್ಲಿ ಹೇಳುತ್ತಾರೆ. ವಿಜಯನಗರದಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದೂ ಅದೇ ವರ್ಷ. ಮಕ್ಕಳಿಗೆ ಸಮಾಜ ವಿಜ್ಞಾನದಲ್ಲಿ ಆ ರಾಜನ ಪಾಠ ಆಗಿರುತ್ತದೆಯಾದ್ದರಿಂದ, ಕಾಲರೇಖೆಯಲ್ಲಿ ಎರಡನ್ನೂ ಒಟ್ಟಿಗೆ ಗುರುತಿಸಿದರೆ ಕನಕದಾಸರ ಕಾಲ ಅವರಿಗೆ ಸುಲಭವಾಗಿ ಹಿಡಿತಕ್ಕೆ ಸಿಗುತ್ತದೆ.

ಬೀರಪ್ಪ ಆ ಸೀಮೆಯ ನಾಯಕ. ವಿಜಯನಗರದ ಅಧೀನದಲ್ಲಿದ್ದ ಇಂಥ ನಾಯಕರು ತಮ್ಮ ಹಳ್ಳಿಗಳನ್ನು ಕಾಯಬೇಕು, ಕಂದಾಯ ಎತ್ತಬೇಕು, ಅರಸನ ಕರೆ ಬಂದಾಗ ದಂಡು ಕಟ್ಟಿಕೊಂಡು ಹೊರಡಬೇಕು. ತಂದೆಯ ನಂತರ ಆ ಹೊಣೆ ತಿಮ್ಮಪ್ಪನ ಮೇಲೆ ಬಿತ್ತು. ಅಂದರೆ ನಮ್ಮ ಕಥೆ ಶುರುವಾಗುವುದು ಕತ್ತಿವರಸೆ ಕಲಿತ, ಓದುಬರಹ ಬಲ್ಲ, ಜನರನ್ನು ಆಳುವ ಹೊಣೆ ಹೊತ್ತ ಒಬ್ಬ ತರುಣನಿಂದ. ದೇವಸ್ಥಾನದ ಹಿಂದೆ ಕೈಮುಗಿದು ನಿಂತ ಬಡವನ ಚಿತ್ರ ಬರುವುದು ಬಹಳ ತಡವಾಗಿ. ನಾನು ಮೊದಲ ಪಾಠದಲ್ಲಿ ಅಷ್ಟೂ ವರ್ಷಗಳನ್ನು ಹಾರಿ ನೇರವಾಗಿ ಗೋಡೆಯ ಹತ್ತಿರ ಹೋಗಿ ನಿಂತಿದ್ದೆ.

ತಿಮ್ಮಪ್ಪ ಕನಕನಾದ ಬಗ್ಗೆ ಜನ ಹೇಳುವ ಕಥೆ ಇದು. ನೆಲ ಅಗೆಸುವಾಗ ಕೊಪ್ಪರಿಗೆ ತುಂಬ ಹೊನ್ನು ಸಿಕ್ಕಿತು. ಅವನು ಅದನ್ನು ಮನೆಗೆ ಒಯ್ಯದೆ ದೇವರ ಕೆಲಸಕ್ಕೂ ಜನರ ಕೆಲಸಕ್ಕೂ ಸುರಿದ. ಅಂದಿನಿಂದ ಜನ ಅವನನ್ನು ಕನಕನಾಯಕ ಎಂದರು. ಬಾಡದ ಆದಿಕೇಶವನಿಗೆ ಕಾಗಿನೆಲೆಯಲ್ಲಿ ಗುಡಿಯಾಯಿತು. ಮುಂದೆ ಕೀರ್ತನೆಗಳನ್ನು ರಚಿಸುವಾಗ ಅವರು ಇಟ್ಟುಕೊಂಡ ಅಂಕಿತ ಕಾಗಿನೆಲೆಯ ಆದಿಕೇಶವನದೇ. ಊರಿನ ಹೆಸರನ್ನು ದೇವರ ಹೆಸರಿಗೆ ಸೇರಿಸಿ ಹಾಡಿದ್ದರಿಂದ, ಬ್ಯಾಡಗಿ ತಾಲ್ಲೂಕಿನ ಆ ಚಿಕ್ಕ ಊರು ಇಂದು ಕನ್ನಡ ನಾಡಿಗೆಲ್ಲ ಗೊತ್ತು.

ತಿರುವು ಬಂದದ್ದು ಯುದ್ಧದಲ್ಲಿ ಎನ್ನುತ್ತದೆ ಪರಂಪರೆ. ಕನಕನಾಯಕ ತೀವ್ರವಾಗಿ ಗಾಯಗೊಂಡು ರಣರಂಗದಲ್ಲಿ ಬಿದ್ದ. ಸಾವಿನ ಬಾಗಿಲಿಗೆ ಹೋಗಿ ಬಂದ ಮೇಲೆ ಕತ್ತಿ, ಕಂದಾಯ, ಪದವಿ ಯಾವುದೂ ಹಿಡಿಸಲಿಲ್ಲ. ನಾಯಕಪಟ್ಟ ಬಿಟ್ಟು ತಂಬೂರಿ ಹಿಡಿದ. ಅವನಾಗಿದ್ದವರು ಅವರಾದರು, ನಾಯಕ ದಾಸನಾದ. ಇಲ್ಲಿ ತರಗತಿಯಲ್ಲಿ ಒಂದು ಕ್ಷಣ ನಿಲ್ಲುವುದು ಒಳ್ಳೆಯದು. ಇರುವವರು ಬಿಟ್ಟುಕೊಡುವುದು ಬೇರೆ, ಇಲ್ಲದವರು ಸುಮ್ಮನಿರುವುದು ಬೇರೆ. ಕನಕದಾಸರ ಕೈಯಲ್ಲಿ ಅಧಿಕಾರವಿತ್ತು, ಅದನ್ನು ಅವರೇ ಕೆಳಗಿಟ್ಟರು. ಈ ವ್ಯತ್ಯಾಸವನ್ನು ಎಂಟನೆಯ ತರಗತಿಯ ಮಕ್ಕಳು ಚೆನ್ನಾಗಿ ಹಿಡಿಯುತ್ತಾರೆ.

ವ್ಯಾಸರಾಯರ ಶಿಷ್ಯ

ಆಗ ವಿಜಯನಗರದಲ್ಲಿ ವ್ಯಾಸರಾಯರಿದ್ದರು. ಮಾಧ್ವ ಪರಂಪರೆಯ ಯತಿಗಳು, ಸಂಸ್ಕೃತದಲ್ಲಿ ನ್ಯಾಯಾಮೃತದಂಥ ಕಠಿಣ ವಾದಗ್ರಂಥ ಬರೆದವರು, ಅರಸರ ಗೌರವ ಪಡೆದವರು. ಅವರ ಸುತ್ತ ಎರಡು ಬಳಗಗಳು ಬೆಳೆದವು. ಸಂಸ್ಕೃತದಲ್ಲಿ ಶಾಸ್ತ್ರ ನಡೆಸುವವರದು ವ್ಯಾಸಕೂಟ, ಕನ್ನಡದಲ್ಲಿ ಹಾಡುವವರದು ದಾಸಕೂಟ. ದಾಸಕೂಟದ ದೊಡ್ಡ ಹೆಸರು ಪುರಂದರದಾಸರು. ಅವರೂ ಮೊದಲು ಸಿರಿವಂತ ವ್ಯಾಪಾರಿ, ಎಲ್ಲವನ್ನೂ ಬಿಟ್ಟು ಬಂದವರು. ಕನಕದಾಸರು ಈ ಬಳಗ ಸೇರಿದರು. ವ್ಯಾಸರಾಯರು 1539ರಲ್ಲಿ ತೀರಿಕೊಂಡರು. ಅವರ ಬೃಂದಾವನ ಆನೆಗೊಂದಿಯ ಹತ್ತಿರ, ತುಂಗಭದ್ರೆಯ ನಡುಗಡ್ಡೆಯಾದ ನವಬೃಂದಾವನದಲ್ಲಿದೆ.

ಮಠದಲ್ಲಿ ಕನಕದಾಸರಿಗೆ ಸಿಕ್ಕ ಸ್ವಾಗತ ಸರಳವಾಗಿರಲಿಲ್ಲ. ಗುರುಗಳು ಕನಕನ ಮೇಲೆ ತೋರಿದ ದಯೆಯನ್ನು ಮಠದವರು ಸಹಿಸದೆ ದೂರಿಕೊಂಡರೆಂದು ಪುರಂದರದಾಸರ ಒಂದು ಕೀರ್ತನೆಯೇ ಹೇಳುತ್ತದೆ. ಜೊತೆಗಿದ್ದವರೇ ಹಾಡಿಟ್ಟ ಮಾತಾದ್ದರಿಂದ ಇದಕ್ಕೆ ವಿಶೇಷ ತೂಕವಿದೆ. ಒಂದೇ ಗುರುವಿನ ಶಿಷ್ಯರಲ್ಲಿ ಒಬ್ಬರು ಇನ್ನೊಬ್ಬರ ಪರವಾಗಿ ನಿಂತ ದಾಖಲೆ ಅದು.

ಈ ಗುರುಶಿಷ್ಯರ ಬಗ್ಗೆ ಹಲವು ಕಥೆಗಳು ಪ್ರಚಾರದಲ್ಲಿವೆ. ಬಾಳೆಹಣ್ಣಿನ ಕಥೆ ಎಲ್ಲರಿಗೂ ಗೊತ್ತು. ಯಾರೂ ನೋಡದ ಕಡೆ ತಿಂದು ಬನ್ನಿ ಎಂದು ಗುರುಗಳು ಶಿಷ್ಯರಿಗೆಲ್ಲ ಹಣ್ಣು ಕೊಟ್ಟರು. ಒಬ್ಬ ಬಾಗಿಲ ಮರೆಯಲ್ಲಿ, ಇನ್ನೊಬ್ಬ ಕಂಬಳಿಯೊಳಗೆ ತಿಂದು ಬಂದರು. ಕನಕದಾಸರು ಹಣ್ಣನ್ನು ಹಾಗೆಯೇ ತಂದು ಮುಂದಿಟ್ಟರು. ದೇವರಿಲ್ಲದ ಜಾಗ ಅವರಿಗೆ ಸಿಗಲಿಲ್ಲ. ಇನ್ನೊಂದು ಕಥೆಯಲ್ಲಿ, ಮೋಕ್ಷಕ್ಕೆ ಹೋಗುವವರು ಯಾರು ಎಂದು ಸಭೆಯಲ್ಲಿ ಪ್ರಶ್ನೆ ಬರುತ್ತದೆ. ಕನಕದಾಸರು ಒಬ್ಬೊಬ್ಬರ ಹೆಸರಿಗೂ ಇಲ್ಲವೆನ್ನುತ್ತಾರೆ, ಗುರುಗಳ ಹೆಸರಿಗೂ ಇಲ್ಲವೆನ್ನುತ್ತಾರೆ. ಹಾಗಾದರೆ ನೀನು ಹೋಗುತ್ತೀಯಾ ಎಂದು ಕೇಳಿದರೆ, ನಾನು ಹೋದರೆ ಹೋಗಬಹುದು ಎನ್ನುತ್ತಾರೆ. ಸಭೆ ಇದನ್ನು ಸೊಕ್ಕೆಂದು ತಿಳಿಯಿತು. ಗುರುಗಳಿಗೆ ಮಾತ್ರ ಅರ್ಥವಾಯಿತು. ಇಲ್ಲಿ ನಾನು ಎಂಬುದು ಮಾತಾಡುವವನನ್ನು ಸೂಚಿಸುವ ಸರ್ವನಾಮವಲ್ಲ, ಅದು ಅಹಂಕಾರದ ಹೆಸರು. ಅದು ಹೊರಟುಹೋದರೆ ಯಾರು ಬೇಕಾದರೂ ಹೋಗಬಹುದು. ಸರ್ವನಾಮ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಇದುವರೆಗೆ ಸಿಕ್ಕಿಲ್ಲ.

ನನ್ನನ್ನು ಬಹಳ ಹೊತ್ತು ಕೂರಿಸಿದ್ದು ಕೋಣನ ಕಥೆ. ಕನಕದಾಸರು ಮಂತ್ರೋಪದೇಶ ಬೇಡಿದಾಗ, ಕುರುಬನಿಗೆ ಎಂಥ ಮಂತ್ರ, ಕೋಣ ಅನ್ನು ಹೋಗು ಎಂಬಂತೆ ಗುರುಗಳು ಹಗುರವಾಗಿ ನುಡಿದರಂತೆ. ಶಿಷ್ಯ ಅದನ್ನೇ ಮಂತ್ರವೆಂದು ಹಿಡಿದು ಜಪಿಸಿದ. ಕೊನೆಗೆ ಯಮನ ಕೋಣವೇ ಬಂದು ಎದುರು ನಿಂತಿತು. ವ್ಯಾಸಸಮುದ್ರವೆಂಬ ಕೆರೆಯ ಕೆಲಸಕ್ಕೆ ಅಡ್ಡಿಯಾಗಿದ್ದ ಬಂಡೆಯನ್ನು ಅದರಿಂದಲೇ ಸರಿಸಿದರು. ಇದು ದಂತಕಥೆ. ಭಕ್ತಿಯ ಬಲವನ್ನು ಹೇಳಲು ಜನ ಇದನ್ನು ಕಟ್ಟಿದ್ದಾರೆ. ಆದರೆ ಶಿಕ್ಷಕರಾಗುವವರಿಗೆ ಇದರೊಳಗೆ ಇನ್ನೊಂದು ಮಾತಿದೆ. ಗುರು ಯೋಚಿಸದೆ ಆಡಿದ ಮಾತನ್ನು ಶಿಷ್ಯ ಎಸೆಯುವುದಿಲ್ಲ, ಮನೆಗೆ ಒಯ್ಯುತ್ತಾನೆ, ಜಪಿಸುತ್ತಾನೆ. ಕನಕದಾಸರಂಥವರಿಗೆ ಹಗುರ ಮಾತೂ ಮಂತ್ರವಾಯಿತು. ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ಹುಡುಗಿಗೆ ನಾನು ಕೊಟ್ಟಿದ್ದ ಮಾತು ಯಾವುದು ಎಂದು ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ.

ಕವಿ ಕನಕ

ಕನಕದಾಸರನ್ನು ಕೀರ್ತನಕಾರರೆಂದು ಮಾತ್ರ ಹೇಳಿ ಮುಗಿಸುವುದು ನಮ್ಮ ಪಾಠಗಳ ಇನ್ನೊಂದು ಕೊರತೆ. ದಾಸರಲ್ಲಿ ಕಾವ್ಯಗಳನ್ನೂ ಬರೆದು ಹೆಸರಾದವರು ಅವರು. ಮೋಹನತರಂಗಿಣಿ ಸಾಂಗತ್ಯದಲ್ಲಿದೆ. 42 ಸಂಧಿಗಳ ದೊಡ್ಡ ಕಾವ್ಯ, ಕೃಷ್ಣನ ಮನೆತನದ ಕಥೆ, ಉಷೆ ಅನಿರುದ್ಧರ ಪ್ರೇಮ. ಅದರಲ್ಲಿ ಬರುವ ದ್ವಾರಕೆಯ ಬೀದಿ, ಅಂಗಡಿ, ಅರಮನೆಗಳ ವರ್ಣನೆಯಲ್ಲಿ ಕವಿ ಕಣ್ಣಾರೆ ಕಂಡ ವಿಜಯನಗರವೇ ಇದೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ನಳಚರಿತ್ರೆ ಭಾಮಿನಿ ಷಟ್ಪದಿಯಲ್ಲಿದೆ. ರಾಜ್ಯ ಕಳೆದುಕೊಂಡ ನಳ, ಕಾಡಿನಲ್ಲಿ ಒಂಟಿಯಾದ ದಮಯಂತಿ, ಹಳ್ಳಿಯ ಜನ ಕೂತು ಕೇಳುವಂಥ ಕಥೆ. ಹರಿಭಕ್ತಿಸಾರವೂ ಭಾಮಿನಿಯಲ್ಲಿದೆ. ನೂರಕ್ಕೂ ಹೆಚ್ಚು ಪದ್ಯಗಳ ಈ ಕೃತಿಯನ್ನು ಹಿಂದಿನ ಕೂಲಿಮಠಗಳಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದರು. ನಾಲ್ಕನೆಯದು ರಾಮಧಾನ್ಯ ಚರಿತೆ.

ಇವಲ್ಲದೆ ಮುಂಡಿಗೆಗಳಿವೆ. ಮುಂಡಿಗೆ ಎಂದರೆ ಒಗಟಿನ ಹಾಡು. ಮೇಲೆ ಒಂದು ಅರ್ಥ, ಒಳಗೆ ಇನ್ನೊಂದು. ಬಿಡಿಸಲು ಪುರಾಣ ಗೊತ್ತಿರಬೇಕು, ಭಾಷೆಯ ಮೇಲೆ ಹಿಡಿತ ಬೇಕು. ಕೇಳಿದ ವಿದ್ವಾಂಸರೂ ತಡವರಿಸಬೇಕು, ಹಾಗಿವೆ. ಶಾಸ್ತ್ರದ ಬಾಗಿಲು ತನಗಿಲ್ಲ ಎಂದವರ ಎದುರು, ಬಿಡಿಸಿ ನೋಡೋಣ ಎಂದು ಇಟ್ಟಂತಿವೆ. ಕೀರ್ತನೆಗಳಲ್ಲಿ ಅವರು ಹುಟ್ಟಿನ ಹೆಮ್ಮೆಯನ್ನು ನೇರವಾಗಿ ಪ್ರಶ್ನಿಸುತ್ತಾರೆ. ಎಲ್ಲರೂ ಹುಟ್ಟುವ ದಾರಿ ಒಂದೇ, ನೀರಿಗೂ ಉಸಿರಿಗೂ ಕುಲವಿಲ್ಲ, ದೇವರಿಗೆ ಬೇಕಾದದ್ದು ಮನಸ್ಸು ಎಂಬುದು ಅವರ ಬೋಧನೆಯ ತಿರುಳು. ತಾಳ್ಮೆಯನ್ನೂ ಅಷ್ಟೇ ಒತ್ತಿ ಹೇಳುತ್ತಾರೆ. ಕಲ್ಲಿನೊಳಗಿನ ಜೀವಿಗೂ ಬೆಟ್ಟದ ಮೇಲಿನ ಗಿಡಕ್ಕೂ ಆಹಾರ ನೀರು ಒದಗಿಸುವವನು ನಮ್ಮನ್ನು ಬಿಡುವುದಿಲ್ಲ ಎಂಬ ಭರವಸೆ ಅವರದು.

ಉಡುಪಿಯ ಕಿಂಡಿ

ಈಗ ಉಡುಪಿ. ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿ ಕೃಷ್ಣನನ್ನು ಸ್ಥಾಪಿಸಿದ ಊರು. ಕನಕದಾಸರ ಕಾಲದಲ್ಲಿ ಅಲ್ಲಿ ಸೋದೆ ಮಠದ ವಾದಿರಾಜರು ಪ್ರಮುಖ ಯತಿಗಳು, ಅವರೂ ಕನ್ನಡದಲ್ಲಿ ಹಾಡಿದವರು. ಕನಕದಾಸರು ಬಂದಾಗ ಒಳಗೆ ಬಿಡಲಿಲ್ಲ, ಅವರು ಗುಡಿಯ ಹಿಂದೆ ನಿಂತು ಹಾಡಿದರು, ಗೋಡೆ ಬಿರಿಯಿತು, ಪೂರ್ವಕ್ಕೆ ಮುಖ ಮಾಡಿದ್ದ ಕೃಷ್ಣ ಪಶ್ಚಿಮಕ್ಕೆ ತಿರುಗಿ ದರ್ಶನ ಕೊಟ್ಟ ಎಂಬುದು ನಾಡೆಲ್ಲ ನಂಬಿರುವ ಐತಿಹ್ಯ. ಕೃಷ್ಣನ ಮೂರ್ತಿ ಪಶ್ಚಿಮಾಭಿಮುಖವಾಗಿದೆ. ಪಶ್ಚಿಮದ ಗೋಡೆಯಲ್ಲಿರುವ ಕಿಂಡಿಗೆ ಕನಕನ ಕಿಂಡಿ ಎಂದೇ ಹೆಸರು. ಭಕ್ತರು ಅದರ ಮುಂದೆ ನಿಂತು ಕೈಮುಗಿಯುವ ವಾಡಿಕೆ ಇಂದಿಗೂ ಇದೆ.

ಇಲ್ಲಿ ಐತಿಹ್ಯವನ್ನು ಐತಿಹ್ಯವೆಂದೇ ಹೇಳುವುದು ಒಳ್ಳೆಯದು. ಗೋಡೆ ಬಿರಿದದ್ದನ್ನು ವಾದಕ್ಕೆ ಎಳೆಯಬೇಕಾಗಿಲ್ಲ. ಆ ಕಥೆಯನ್ನು ಕಟ್ಟಿದವರು, ಉಳಿಸಿಕೊಂಡವರು ಯಾರ ಪಕ್ಷ ವಹಿಸಿದ್ದಾರೆ ಎಂದು ಕೇಳಿದರೆ ಸಾಕು. ಕಥೆಯಲ್ಲಿ ದೇವರೇ ತಿರುಗಿ ನಿಂತಿದ್ದಾನೆ. ತಡೆದವರ ಕಡೆಗೆ ಅವನ ಬೆನ್ನು, ಹೊರಗೆ ನಿಂತವರ ಕಡೆಗೆ ಮುಖ. ತಪ್ಪು ಯಾರದೆಂದು ಜನ ಇಷ್ಟು ಸ್ಪಷ್ಟವಾಗಿ ತೀರ್ಪು ಕೊಟ್ಟಿರುವಾಗ, ನಾನು ಮಾತ್ರ ಕಪ್ಪುಹಲಗೆಯ ಮೇಲೆ ತಡೆದವರ ಮಾತನ್ನೇ ಬರೆದಿದ್ದೆ.

ರಾಗಿ ಮತ್ತು ಭತ್ತ

ಹಾಗಾದರೆ ಹೇಗೆ ಬರೆಯಬೇಕಿತ್ತು? ಉತ್ತರ ಸಿಕ್ಕಿದ್ದು ರಾಮಧಾನ್ಯ ಚರಿತೆಯಲ್ಲಿ. ರಾವಣನನ್ನು ಗೆದ್ದು ಅಯೋಧ್ಯೆಗೆ ಮರಳುವ ರಾಮ ದಾರಿಯಲ್ಲಿ ಮುನಿಗಳ ಆಶ್ರಮದಲ್ಲಿ ತಂಗುತ್ತಾನೆ. ಬಗೆಬಗೆಯ ಧಾನ್ಯಗಳ ಅಡುಗೆಯ ಔತಣವಾಗುತ್ತದೆ. ಧಾನ್ಯಗಳಲ್ಲಿ ಶ್ರೇಷ್ಠ ಯಾವುದು ಎಂಬ ಪ್ರಶ್ನೆ ಏಳುತ್ತದೆ. ಗೌತಮ ಮುನಿ ನರೆದಲೆಗ ಎನ್ನುತ್ತಾನೆ. ನರೆದಲೆಗ ಅಂದರೆ ನಮ್ಮ ರಾಗಿ, ತಲೆ ನರೆತಂತೆ ತೆನೆ ಇರುವುದು. ವ್ರೀಹಿಗೆ, ಅಂದರೆ ಭತ್ತಕ್ಕೆ, ಸಿಟ್ಟು ಬರುತ್ತದೆ. ತುಂಬಿದ ಸಭೆಯಲ್ಲಿ ರಾಗಿಯನ್ನು ಹೀಯಾಳಿಸುತ್ತದೆ. ದೇವರ ನೈವೇದ್ಯಕ್ಕೆ, ಮಂತ್ರಾಕ್ಷತೆಗೆ, ಮೇಲಿನವರ ಊಟಕ್ಕೆ ತಾನು, ನೀನು ಕೆಳಗಿನವರ ಕೂಳು ಎಂಬುದು ಅದರ ವಾದ. ರಾಗಿ ಸುಮ್ಮನಿರುವುದಿಲ್ಲ. ಮಳೆ ಕೈಕೊಟ್ಟ ವರ್ಷ ನೀನೆಲ್ಲಿರುತ್ತೀಯೆ, ಬರದಲ್ಲಿ ಬಡವರ ಜೀವ ಹಿಡಿಯುವವರು ಯಾರು, ಸಿರಿವಂತರನ್ನು ಓಲೈಸುವ ನೀನು ಹೆಣದ ಬಾಯಿಗೂ ಬೀಳುತ್ತೀಯಲ್ಲ ಎಂದು ತಿರುಗಿ ಕೇಳುತ್ತದೆ.

ರಾಮ ತಕ್ಷಣ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿ ಎನ್ನುತ್ತಾನೆ. ಅವಧಿ ಮುಗಿದು ಸಭೆ ಸೇರಿದಾಗ ಭತ್ತ ಸೊರಗಿ ಸಾರ ಕಳೆದುಕೊಂಡಿರುತ್ತದೆ, ರಾಗಿ ಹೋದ ಹಾಗೆಯೇ ಹೊರಬರುತ್ತದೆ. ರಾಮ ರಾಗಿಗೆ ತನ್ನ ರಾಘವ ಎಂಬ ಹೆಸರನ್ನೇ ಕೊಡುತ್ತಾನೆ. ತಲೆ ತಗ್ಗಿಸಿದ ಭತ್ತವನ್ನು ಕೈಬಿಡದೆ, ಇಬ್ಬರೂ ಲೋಕಕ್ಕೆ ಬೇಕಾದವರೆಂದು ಸಮಾಧಾನ ಹೇಳುತ್ತಾನೆ. ಇದು ಕವಿಯ ಬರೀ ಕಲ್ಪನೆಯೂ ಅಲ್ಲ. ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲವೆಂದು ಬಯಲುಸೀಮೆಯ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ.

ಎರಡನೆಯ ಸಲ ಓದುವಾಗ ನನಗೆ ಒಂದು ವಿಷಯ ಕಂಡಿತು. ಈ ಕಾವ್ಯದಲ್ಲಿ ಮೇಲು ಕೀಳಿನ ಬೈಗುಳ ಇದೆ, ಧಾರಾಳವಾಗಿಯೇ ಇದೆ. ಆದರೆ ಅದು ಬರುವುದು ಭತ್ತದ ಬಾಯಲ್ಲಿ. ಕವಿ ತನ್ನ ಮಾತಾಗಿ ಯಾರನ್ನೂ ಕೀಳು ಎನ್ನುವುದಿಲ್ಲ. ಸೊಕ್ಕಿನ ಮಾತು ಸೊಕ್ಕಿದವರ ಬಾಯಲ್ಲೇ ಉಳಿಯುವಂತೆ ನೋಡಿಕೊಂಡು, ಆರು ತಿಂಗಳ ಸೆರೆಯಿಂದ ಅದನ್ನು ಸುಳ್ಳು ಮಾಡುತ್ತಾನೆ. ತರಗತಿಯಲ್ಲಿ ಕಪ್ಪುಹಲಗೆಯೇ ಕವಿಯ ದನಿ. ಅದರ ಮೇಲೆ ಬಂದದ್ದು ಇಡೀ ಶಾಲೆಯ ಮಾತಾಗುತ್ತದೆ. ಭತ್ತದ ಮಾತನ್ನು ನಾನು ಶಾಲೆಯ ಮಾತಾಗಿ ಬರೆದಿದ್ದೆ. ಒಪ್ಪಿಕೊಳ್ಳಬೇಕಾದ ಇನ್ನೊಂದು ಸಂಗತಿಯೂ ಇದೆ. ನಾನು ಮಲೆನಾಡಿನ ಭತ್ತದ ಊರಿನವಳು. ನಮ್ಮ ಮನೆಯಲ್ಲಿ ಮುದ್ದೆಯನ್ನು ಕೆಲಸದಾಳುಗಳ ಊಟವೆಂದೇ ಹೇಳುತ್ತಿದ್ದರು, ಆ ಮಾತು ತಪ್ಪೆಂದು ನನಗೆ ಅನ್ನಿಸಿಯೇ ಇರಲಿಲ್ಲ.

ಎರಡನೆಯ ಪಾಠ

ಮುಖ್ಯ ಶಿಕ್ಷಕರ ಅನುಮತಿ ಪಡೆದು ಅದೇ ತರಗತಿಯಲ್ಲಿ ಇನ್ನೊಂದು ಪಿರಿಯಡ್ ತೆಗೆದುಕೊಂಡೆ. ಈ ಸಲ ಚಿತ್ರ ಒಯ್ಯಲಿಲ್ಲ. ಒಂದು ಹಿಡಿ ರಾಗಿ, ಒಂದು ಹಿಡಿ ಭತ್ತ ಒಯ್ದೆ. ತರಗತಿಯನ್ನು ಬೆಂಚಿನ ಸಾಲಿನಂತೆ ಎರಡು ಪಾಲು ಮಾಡಿ, ಒಂದು ಪಾಲು ರಾಗಿಯ ಪರ, ಇನ್ನೊಂದು ಭತ್ತದ ಪರ ವಾದಿಸಬೇಕೆಂದೆ. ಭತ್ತದ ಪಕ್ಷಕ್ಕೆ ನಾನೂ ಸೇರಿದೆ. ಮುದ್ದೆ ತಿಂದರೆ ಹೊತ್ತು ಮುಳುಗುವವರೆಗೆ ಹಸಿವಾಗದು ಎಂದರು, ಅನ್ನವಿಲ್ಲದೆ ಮದುವೆಯೂಟ ಆಗದು ಎಂದರು, ನೀರು ಕಟ್ಟದೆ ಬೆಳೆದು ತೋರಿಸಿ ಎಂದರು. ಕಿಟಕಿಯ ಪಕ್ಕದ ಹುಡುಗಿ ಕೊನೆಗೆ ಎದ್ದಳು. ಬಿತ್ತನೆಗೆ ಮುಂಚೆ ಅವಳ ಅಪ್ಪನ ಕುರಿಮಂದೆಯನ್ನು ಹೊಲದಲ್ಲಿ ನಿಲ್ಲಿಸಿಕೊಳ್ಳಲು ಊರಿನವರು ಮನೆಗೆ ಬಂದು ಕರೆಯುತ್ತಾರಂತೆ. ಮಂದೆ ಮಲಗಿದ ಹೊಲದ ರಾಗಿ ತೆನೆಯೇ ಬೇರೆಯಂತೆ. ಕುರಿ ಇಲ್ಲದೆ ರಾಗಿ ಇಲ್ಲ ಎಂದು ಹೇಳಿ ಕುಳಿತಳು. ಭತ್ತದ ಪಕ್ಷದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಆಮೇಲೆ ರಾಮಧಾನ್ಯದ ಕಥೆ ಹೇಳಿದೆ. ಇದನ್ನು ಬರೆದವರು ಯಾರು ಎಂಬ ಪ್ರಶ್ನೆಯಿಂದ ಬಾಡದ ತಿಮ್ಮಪ್ಪನ ಹತ್ತಿರ ಹೋದೆವು. ನಾಯಕ, ಯೋಧ, ದಾಸ, ಕವಿ, ಶಿಷ್ಯ ಎಂದು ಒಂದೊಂದೇ ಪದ ಹಲಗೆಯ ಮೇಲೆ ಬಂತು. ಕಿಂಡಿ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಆಗ ಎಲ್ಲರೂ ಹಳೆಯ ಪುಟ ತೆಗೆಯಿರಿ, ಹಿಂದಿನ ವಾರ ನಾನು ತಪ್ಪು ಬರೆಸಿದ್ದೆ ಎಂದೆ. ಕೀಳು ಜಾತಿಯವರಾದ್ದರಿಂದ ಬಿಡಲಿಲ್ಲ ಎಂಬ ವಾಕ್ಯವನ್ನು ಹೊಡೆದು ಹಾಕಿಸಿ, ಹುಟ್ಟಿನಿಂದ ಮೇಲು ಕೀಳು ಎಣಿಸುತ್ತಿದ್ದವರು ಅವರನ್ನು ತಡೆದರು ಎಂದು ಬರೆಸಿದೆ. ಎರಡು ವಾಕ್ಯಗಳಿಗೆ ಏನು ವ್ಯತ್ಯಾಸ ಎಂದು ಕೇಳಿದೆ. ಮುಂದಿನ ಬೆಂಚಿನ ಹುಡುಗನೇ ಹೇಳಿದ, ಮೊದಲನೆಯದರಲ್ಲಿ ತಪ್ಪು ಕನಕದಾಸರ ಮೇಲೆ ಬರುತ್ತದೆ, ಎರಡನೆಯದರಲ್ಲಿ ತಡೆದವರ ಮೇಲೆ ಬರುತ್ತದೆ. ವ್ಯಾಕರಣದಲ್ಲಿ ಕರ್ತೃಪದ ಎಂದು ನಾವು ಕಲಿಸುವುದು ಇದನ್ನೇ. ಕಿಟಕಿಯ ಪಕ್ಕದ ನೋಟ್‌ಬುಕ್‌ನಲ್ಲಿ ಹೊಡೆದು ಹಾಕಲು ಏನೂ ಇರಲಿಲ್ಲ. ಅವಳು ಹೊಸ ವಾಕ್ಯವನ್ನು ಮಾತ್ರ ಬರೆದುಕೊಂಡಳು.

ಈಗ ಹೀಗೆಲ್ಲ ಇಲ್ಲ ಅಲ್ವಾ ಮಿಸ್ ಎಂದು ಒಬ್ಬ ಕೇಳಿದ. ಇಲ್ಲ ಎಂದುಬಿಡುವುದು ಸುಲಭವಿತ್ತು, ಹಿಂದಿನ ವಾರ ಹಾಗೆಯೇ ಅಂದಿದ್ದೆ. ಈ ಸಲ, ಜಾತಿಯ ಕಾರಣಕ್ಕೆ ಭೇದ ಮಾಡಬಾರದೆಂದು ಸಂವಿಧಾನದ 15ನೆಯ ವಿಧಿ ಹೇಳುತ್ತದೆ, ನಮ್ಮ ಸುತ್ತ ಅದು ಎಷ್ಟು ನಡೆಯುತ್ತಿದೆ ನೀವೇ ನೋಡಿ ಎಂದೆ. ತರಗತಿ ಸ್ವಲ್ಪ ಹೊತ್ತು ಮೌನವಾಯಿತು. ಯಾರ ಮನೆಯ ಜಗಲಿಯವರೆಗೆ ಯಾರು ಬರುತ್ತಾರೆಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆ ಮೌನವನ್ನು ಮಾತಿನಿಂದ ತುಂಬುವ ಗೋಜಿಗೆ ನಾನು ಹೋಗಲಿಲ್ಲ.

ಮುಂದೆ ಈ ಪಾಠ ತೆಗೆದುಕೊಳ್ಳುವ ಗೆಳೆಯರಿಗೆ ನನ್ನ ಅನುಭವದಿಂದ ಮೂರು ಮಾತು. ಸಂತರ ಬದುಕನ್ನು ಅವರಿಗಾದ ಅವಮಾನದಿಂದ ಶುರು ಮಾಡಬೇಡಿ, ಅವರು ಮಾಡಿದ ಕೆಲಸದಿಂದ ಶುರು ಮಾಡಿ. ಅವಮಾನವನ್ನು ಬಚ್ಚಿಡಲೂ ಬೇಡಿ. ಅದು ಬಂದಾಗ ಮಾಡಿದವರು ಯಾರೆಂದು ವಾಕ್ಯದಲ್ಲಿ ಕಾಣುವಂತೆ ಬರೆಯಿರಿ. ಮಕ್ಕಳ ಉತ್ತರ ಸರಿಯಿದ್ದರೂ ಅದರ ಪದಗಳು ಯಾರ ಬಾಯಿಂದ ಬಂದವು ಎಂದು ಒಂದು ಕ್ಷಣ ಯೋಚಿಸಿ, ಆಮೇಲೆ ಸೀಮೆಸುಣ್ಣ ಎತ್ತಿಕೊಳ್ಳಿ.

ಮಾರ್ಗದರ್ಶಕ ಮೇಡಂ ಅಂದು ಕೊನೆಯ ಬೆಂಚಿನಲ್ಲಿ ಕುಳಿತಿದ್ದರು. ಪಾಠ 46 ನಿಮಿಷ ಹಿಡಿಯಿತು. ವೀಕ್ಷಣಾ ಪುಸ್ತಕದಲ್ಲಿ ಅವರು ಬರೆದದ್ದು ಒಂದೇ ಸಾಲು, ಸಮಯ ಪಾಲನೆ ಸುಧಾರಿಸಬೇಕು ಎಂದು. ಅದರ ಕೆಳಗೆ ಸಹಿ ಹಾಕಿಸಿಕೊಂಡು ಬಂದೆ.